ಪರದೆಯ ಮೇಲಿನ ಟೇಬಲ್ ಟೆನಿಸ್: ‘ಹರಾಮ್’ ಎನ್ನುವವರಿಗೆ, ‘ಇರಲಿ ಬಿಡಿ’ ಎನ್ನುವವರಿಗೆ

ಮನೆಗೊಂದು ಗೇಮ್ ಕನ್ಸೋಲ್ ಬಂದಿತೆಂದರೆ ನಮ್ಮ ಮೊಹಲ್ಲಾಗಳಲ್ಲಿ ಎರಡು ಬಗೆಯ ಮಾತುಗಳು ಕೇಳಿಬರುತ್ತವೆ. ‘ಇದು ಹರಾಮ್, ಶೈತಾನನ ಪೆಟ್ಟಿಗೆ’ ಎಂಬುದು ಒಂದು. ‘ಇರಲಿ ಬಿಡಿ, ಹುಡುಗ ಬೀದಿ ಸುತ್ತುವುದಕ್ಕಿಂತ ಮನೆಯಲ್ಲಿ ಕಣ್ಣೆದುರಿಗೇ ಇರುತ್ತಾನೆ’ ಎಂಬುದು ಇನ್ನೊಂದು. ಮೊದಲನೆಯದನ್ನು ಹೇಳುವವರು ಆ ಪೆಟ್ಟಿಗೆಯನ್ನು ನೋಡಿರುವುದಿಲ್ಲ. ಎರಡನೆಯದನ್ನು ಹೇಳುವವರು ಆ ಹುಡುಗನನ್ನು ನೋಡುತ್ತಿರುವುದಿಲ್ಲ. ಇಬ್ಬರಿಗೂ ಒಂದು ಅನುಕೂಲವಿದೆ: ಮಾತು ಮುಗಿದ ಮೇಲೆ ಮತ್ತೇನನ್ನೂ ಮಾಡಬೇಕಾಗಿಲ್ಲ.

ಗುಂಡು ಹಾರಿಸುವ, ಕೊಲ್ಲುವ ಆಟಗಳ ಕುರಿತು ವಾದಿಸುವುದು ಸುಲಭ. ಅಲ್ಲಿ ಎಲ್ಲರೂ ಒಂದೇ ಪಕ್ಷ. ಆದುದರಿಂದ ಅತ್ಯಂತ ನಿರುಪದ್ರವಿಯೆಂದು ಎಲ್ಲರೂ ಒಪ್ಪುವ ಆಟವನ್ನೇ ತೆಗೆದುಕೊಳ್ಳೋಣ. ಟಿವಿಯ ಪರದೆಯಲ್ಲೊಂದು ಹಸಿರು ಮೇಜು, ನಡುವೆ ಬಲೆ, ಆಚೆಗೊಬ್ಬ ಆಟಗಾರ, ಈಚೆಗೆ ಕೈಯಲ್ಲಿ ಕಂಟ್ರೋಲರ್ ಹಿಡಿದ ನಮ್ಮ ಮಗ. ರಕ್ತವಿಲ್ಲ, ಅಶ್ಲೀಲತೆಯಿಲ್ಲ, ಪಣವಿಲ್ಲ. ಇದನ್ನು ಹರಾಮ್ ಎನ್ನಲು ಆಧಾರವೇನು?

ಆಧಾರ ಕೇಳಿದರೆ ನರ್ದ್ ಆಟದ ಕುರಿತ ಹದೀಸನ್ನು ಮುಂದಿಡುವವರಿದ್ದಾರೆ. ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾದ ಆ ಎಚ್ಚರಿಕೆ ಕಠಿಣವಾದುದೆಂಬುದರಲ್ಲಿ ಸಂಶಯವಿಲ್ಲ. ಆದರೆ ನರ್ದ್ ದಾಳದ ಆಟ. ದಾಳ ಹೇಗೆ ಬೀಳುತ್ತದೆಯೋ ಹಾಗೆ ಸೋಲುಗೆಲುವು. ಟೇಬಲ್ ಟೆನಿಸ್‌ನಲ್ಲಿ ದಾಳವೆಲ್ಲಿದೆ? ಪವಿತ್ರ ಕುರ್‌ಆನಿನ ಅಲ್ ಮಾಇದಃ ಅಧ್ಯಾಯದ 90 ಮತ್ತು 91ನೇ ಸೂಕ್ತಗಳು ಜೂಜನ್ನು ನಿಷೇಧಿಸುವಾಗ ಕಾರಣವನ್ನೂ ಹೇಳುತ್ತವೆ: ಅದು ಜನರ ನಡುವೆ ದ್ವೇಷ ಬಿತ್ತುತ್ತದೆ, ಅಲ್ಲಾಹನ ಸ್ಮರಣೆಯಿಂದಲೂ ನಮಾಝ್‌ನಿಂದಲೂ ತಡೆಯುತ್ತದೆ. ಕಾರಣವನ್ನು ಅರಿತವನು ಅದು ಎಲ್ಲಿದೆ, ಎಲ್ಲಿಲ್ಲ ಎಂಬುದನ್ನು ಪರಿಶೀಲಿಸುತ್ತಾನೆ. ಅರಿಯದವನು ಎಲ್ಲದಕ್ಕೂ ಒಂದೇ ಮುದ್ರೆ ಒತ್ತುತ್ತಾನೆ.

ಹಬ್ಬದ ದಿನ ಅಬಿಸೀನಿಯದವರು ಮಸೀದಿಯಲ್ಲೇ ಈಟಿಗಳೊಂದಿಗೆ ಆಡುತ್ತಿದ್ದುದನ್ನು ಪ್ರವಾದಿ(ಸ)ರು ತಡೆಯಲಿಲ್ಲ. ಹಝ್ರತ್ ಆಯಿಶಾ(ರ)ರಿಗೆ ಸಾಕೆನಿಸುವವರೆಗೂ ಅವರನ್ನು ಮರೆಮಾಡಿ ನಿಂತು ನೋಡಲು ಬಿಟ್ಟರು. ಅದೇ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ಹೂಡಿದ ವೃತ್ತಾಂತವೂ ಹದೀಸ್ ಗ್ರಂಥಗಳಲ್ಲಿದೆ. ಇಮಾಮ್ ಗಝ್ಝಾಲಿ(ರ)ಯವರಂತೂ ಮಕ್ಕಳ ಶಿಕ್ಷಣದ ಕುರಿತು ಬರೆಯುತ್ತಾ, ಮಕ್‌ತಬ್‌ನಿಂದ ಮರಳಿದ ಮಗುವಿಗೆ ಆಟಕ್ಕೆ ಅವಕಾಶ ಕೊಡಬೇಕೆಂದೂ, ಆಟವನ್ನು ತಡೆದು ಸದಾ ಓದಿಗೆ ಹಚ್ಚಿದರೆ ಅದರ ಹೃದಯ ಸಾಯುತ್ತದೆ, ಬುದ್ಧಿ ಮಂಕಾಗುತ್ತದೆ ಎಂದೂ ಎಚ್ಚರಿಸಿದ್ದಾರೆ. ಒಂಬೈನೂರು ವರ್ಷಗಳ ಹಿಂದಿನ ಆ ವಿದ್ವಾಂಸರಿಗೆ ಮಗುವಿನ ಮನಸ್ಸು ತಿಳಿದಿತ್ತು. ನಮ್ಮ ಇಂದಿನ ಕೆಲವು ಭಾಷಣಕಾರರಿಗೆ ಮೈಕಿನ ಶಬ್ದವಷ್ಟೇ ತಿಳಿದಿದೆ.

ಈ ಅತಿರೇಕದಿಂದ ಆಗುವ ಹಾನಿ ಸಣ್ಣದಲ್ಲ. ಎಲ್ಲವನ್ನೂ ಹರಾಮ್ ಎಂದು ಕೇಳಿ ಬೆಳೆದ ಹುಡುಗನಿಗೆ ನಿಜವಾದ ಹರಾಮ್ ಎದುರಾದಾಗ ಆ ಪದ ಚುಚ್ಚುವುದಿಲ್ಲ. ಟಿವಿಯ ಮುಂದೆ ನಿಂತು ಹಿರಿಯರು ಗದರುತ್ತಿದ್ದ ವರ್ಷಗಳಲ್ಲೇ ಜೂಜು ಮೊಬೈಲಿನ ಮೂಲಕ ಜೇಬಿನೊಳಗೆ ಬಂದು ಕುಳಿತಿತು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಲು ಹೊರಟಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಅಂಶಗಳನ್ನು ರದ್ದುಪಡಿಸಿತು. ಸಂಸತ್ತು ಇಡೀ ದೇಶಕ್ಕೆ ಅನ್ವಯಿಸುವ ಕಾಯ್ದೆಯನ್ನು ಅಂಗೀಕರಿಸಿದ್ದು 2025ರ ಆಗಸ್ಟ್‌ನಲ್ಲಿ. ಈ ನಡುವಿನ ಕಾಲದಲ್ಲಿ ರಮ್ಮಿ, ಬೆಟ್ಟಿಂಗ್‌ಗಳ ಬಗ್ಗೆ ನಮ್ಮ ಎಷ್ಟು ಜುಮಾ ಭಾಷಣಗಳು ಬಾಯಿ ತೆರೆದವು? ಕನ್ಸೋಲ್ ಆಟಗಳಲ್ಲೂ ಒಳಗೆ ಏನಿದೆಯೆಂದು ತಿಳಿಯದೆ ದುಡ್ಡು ಕೊಟ್ಟು ತೆರೆಯುವ ಪೆಟ್ಟಿಗೆಗಳಿವೆ. ಬೆಲ್ಜಿಯಮ್ ದೇಶವು 2018ರಲ್ಲೇ ಅಂಥವನ್ನು ಜೂಜೆಂದು ಪರಿಗಣಿಸಿತು. ‘ಹರಾಮ್’ ಎಂಬ ಪದಕ್ಕೆ ಕೆಲಸವಿರುವುದು ಅಲ್ಲಿ.

ಇಷ್ಟು ಹೇಳಿದ ಮೇಲೆ ‘ಇರಲಿ ಬಿಡಿ’ ಎನ್ನುವ ಪಕ್ಷದವರು ಈ ಲೇಖಕ ತಮ್ಮವನೆಂದು ಭಾವಿಸಬಹುದು. ಅಲ್ಲ. ನನ್ನ ದೊಡ್ಡ ತಕರಾರು ಇರುವುದು ಅವರೊಂದಿಗೇ. ಅದನ್ನು ವಿವರಿಸಲು ಈ ಆಟದ ಹಿನ್ನೆಲೆಯನ್ನು ಸ್ವಲ್ಪ ಕೆದಕಬೇಕು.

ಮನೆಯ ಟಿವಿಗೆ ಜೋಡಿಸುವ ವಿಡಿಯೋ ಗೇಮ್‌ಗಳ ಇತಿಹಾಸ ಆರಂಭವಾದದ್ದೇ ಟೇಬಲ್ ಟೆನಿಸ್‌ನಿಂದ. ನಾಝಿ ಜರ್ಮನಿಯಿಂದ ಪಾರಾಗಿ ಅಮೆರಿಕ ಸೇರಿದ ರಾಲ್ಫ್ ಬೇರ್ ಎಂಬ ಎಂಜಿನಿಯರ್ 1960ರ ದಶಕದ ಕೊನೆಯಲ್ಲಿ ಟಿವಿಯ ಮೇಲೆ ಎರಡು ಚುಕ್ಕೆಗಳು ಮೂರನೆಯ ಚುಕ್ಕೆಯೊಂದನ್ನು ಆಚೀಚೆ ಹೊಡೆಯುವ ಯಂತ್ರವನ್ನು ರೂಪಿಸಿದರು. 1972ರಲ್ಲಿ ಅದು ಮ್ಯಾಗ್ನವಾಕ್ಸ್ ಒಡಿಸ್ಸಿ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿತು. ಅದೇ ವರ್ಷ ಅಟಾರಿ ಸಂಸ್ಥೆಯ ಪಾಂಗ್, ನಾಣ್ಯ ಹಾಕಿ ಆಡುವ ಯಂತ್ರವಾಗಿ ಅಮೆರಿಕದ ಪಾನಗೃಹಗಳನ್ನು ಹೊಕ್ಕಿತು. 1975ರಲ್ಲಿ ಅದೂ ಮನೆಗೆ ಬಂದಿತು. ಒಡಿಸ್ಸಿಯಲ್ಲಿ ಸದ್ದಿರಲಿಲ್ಲ, ಅಂಕ ಎಣಿಸುವ ವ್ಯವಸ್ಥೆಯೂ ಇರಲಿಲ್ಲ. ಮೈದಾನದ ಚಿತ್ರವಿರುವ ಪಾರದರ್ಶಕ ಹಾಳೆಗಳನ್ನು ಟಿವಿಯ ಗಾಜಿಗೆ ಅಂಟಿಸಿಕೊಳ್ಳಬೇಕಿತ್ತು. (ಪೆಟ್ಟಿಗೆಯಲ್ಲಿ ಇತರ ಆಟಗಳಿಗಾಗಿ ದಾಳ, ಇಸ್ಪೀಟು, ಆಟಿಕೆಯ ನೋಟುಗಳೂ ಇರುತ್ತಿದ್ದವು. ನರ್ದ್‌ನ ಹದೀಸನ್ನು ಎತ್ತುವ ನಮ್ಮವರಿಗೆ ಇದು ತಿಳಿದಿದ್ದರೆ ಸ್ವಲ್ಪ ಬಲ ಬರುತ್ತಿತ್ತು!)

ನಾನು ಗಮನಕ್ಕೆ ತರಬಯಸುವುದು ಬೇರೆಯದು. ಆ ಮೊದಲ ಟೇಬಲ್ ಟೆನಿಸನ್ನು ಒಬ್ಬನೇ ಆಡಲು ಸಾಧ್ಯವಿರಲಿಲ್ಲ. ಎದುರಾಳಿಯಾಗುವ ಬುದ್ಧಿ ಆ ಯಂತ್ರಕ್ಕಿರಲಿಲ್ಲ. ತಮ್ಮನನ್ನೋ ಅಪ್ಪನನ್ನೋ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳಲೇಬೇಕಿತ್ತು. ಅಂಕವನ್ನು ಇಬ್ಬರೂ ಸೇರಿ ಎಣಿಸಬೇಕಿತ್ತು. ಜಗಳವಾದರೆ ಇಬ್ಬರೇ ಬಗೆಹರಿಸಿಕೊಳ್ಳಬೇಕಿತ್ತು. ಇಂದಿನ ಕನ್ಸೋಲ್‌ನಲ್ಲಿ ಎದುರಾಳಿಯೂ ಯಂತ್ರ, ತೀರ್ಪುಗಾರನೂ ಯಂತ್ರ, ಚಪ್ಪಾಳೆ ತಟ್ಟುವ ಪ್ರೇಕ್ಷಕರೂ ಯಂತ್ರ. ಅಪ್ಪನಿಗೆ ಬಿಡುವು ಸಿಕ್ಕಿತು. ನಾವು ಆಟಿಕೆಯ ಬೆಲೆ ತೆತ್ತು ಕೊಂಡುಕೊಂಡದ್ದು ಈ ಬಿಡುವನ್ನೇ. ಮಗನ ಹೆಸರಿನಲ್ಲಿ ತಂದ ವಸ್ತುವಿನ ನಿಜವಾದ ಗ್ರಾಹಕ ತಂದೆ.

‘ಅದು ಬರಿಯ ಟೇಬಲ್ ಟೆನಿಸ್ ಅಲ್ಲವೇ’ ಎಂದು ನೆಮ್ಮದಿಯಾಗಿರುವ ತಂದೆಯರು ಇನ್ನೊಂದು ಸಂಗತಿಯನ್ನು ತಿಳಿಯಬೇಕು. 2006ರಲ್ಲಿ ಎಕ್ಸ್‌ಬಾಕ್ಸ್ 360 ಯಂತ್ರಕ್ಕೆ ಟೇಬಲ್ ಟೆನಿಸ್ ಎಂಬ ಹೆಸರಿನ ಆಟವೊಂದು ಬಂದಿತು. ಮರುವರ್ಷ ನಿಂಟೆಂಡೊ ವೀ ಯಂತ್ರಕ್ಕೂ ಬಂದಿತು. ಚೆಂಡಿನ ತಿರುಗುವಿಕೆಯನ್ನೂ ಆಟಗಾರನ ಬೆವರನ್ನೂ ತೋರಿಸುವ ಚೊಕ್ಕ ಆಟ. ಅದನ್ನು ಹೊರತಂದದ್ದು ರಾಕ್‌ಸ್ಟಾರ್ ಎಂಬ ಸಂಸ್ಥೆ. ಕಾರು ಕದ್ದು, ದಾರಿಹೋಕರನ್ನು ಕೊಲ್ಲುತ್ತಾ ಸಾಗುವ ಗ್ರ್ಯಾಂಡ್ ಥೆಫ್ಟ್ ಆಟೋ ಸರಣಿಯ ಪ್ರಕಾಶಕರು ಇದೇ ಸಂಸ್ಥೆಯವರು. ಒಂದೇ ಅಂಗಡಿ, ಒಂದೇ ಪೆಟ್ಟಿಗೆ, ನಡುವೆ ಇರುವುದು ಒಂದು ಗುಂಡಿಯ ದೂರ. ಟೇಬಲ್ ಟೆನಿಸ್‌ಗೆಂದು ಬಾಗಿಲು ತೆರೆದವನು ಆಮೇಲೆ ಯಾರು ಯಾರು ಒಳಬಂದರೆಂದು ನೋಡಬೇಡವೇ?

ಒಪ್ಪಬೇಕಾದುದನ್ನು ಒಪ್ಪೋಣ. ಎಲ್ಲ ಆಟಗಳೂ ಹೆಬ್ಬೆರಳಿನ ಆಟಗಳಲ್ಲ. 2009ರ ವೀ ಸ್ಪೋರ್ಟ್ಸ್ ರೆಸಾರ್ಟ್‌ನ ಟೇಬಲ್ ಟೆನಿಸ್‌ನಲ್ಲಿ ರಿಮೋಟನ್ನು ಬ್ಯಾಟಿನಂತೆ ಬೀಸಬೇಕು. ಮಂಡಿ ನೋವಿನ ಅಜ್ಜಿ, ಗಾಲಿಕುರ್ಚಿಯ ಮಗು ಇಂಥ ಆಟದಿಂದ ತುಸು ಕೈಯಾಡಿಸಿ ನಗುವುದಾದರೆ ಅದನ್ನು ಆಕ್ಷೇಪಿಸುವವನು ಕಲ್ಲೆದೆಯವನು. ಅಪ್ಪ, ಮಕ್ಕಳು ಸೇರಿ ವಾರಕ್ಕೊಮ್ಮೆ ಒಂದು ಗಂಟೆ ಆಡಿದರೆ ಅದೂ ಒಳ್ಳೆಯದೇ. ಆದರೆ ಬೀಸಿದ ಕೈಗೆ ಚೆಂಡು ತಾಗುವುದಿಲ್ಲ. ನಿಜವಾದ ಚೆಂಡಿನ ತೂಕ 2.7 ಗ್ರಾಂ, ಅಡ್ಡಳತೆ 40 ಮಿಲಿಮೀಟರ್. ಊದಿದರೆ ಹಾರುವ ಆ ವಸ್ತು ರಬ್ಬರಿಗೆ ಉಜ್ಜಿ ತಿರುಗಿದಾಗ ಎತ್ತ ಪುಟಿಯುತ್ತದೆಂಬುದನ್ನು ಕೈ ತಾನೇ ಸಾವಿರ ಬಾರಿ ತಪ್ಪಿ ಕಲಿಯಬೇಕು.

ಕೈ ಕಲಿಯುವುದೆಂದರೇನೆಂದು ತಿಳಿಯಲು ನಮ್ಮ ಮಾಲೂರು ತಾಲ್ಲೂಕಿನವರು ದೂರ ಹೋಗಬೇಕಾಗಿಲ್ಲ. ಶಿವಾರಪಟ್ಟಣದ ಬೀದಿಯಲ್ಲಿ ನಡೆದುಹೋದರೆ ಸಾಕು. ಉಳಿಯ ಸದ್ದು ಕಿವಿಗೆ ಬೀಳುತ್ತದೆ, ಕಲ್ಲಿನ ಪುಡಿ ಕಾಲಿಗೆ ಹತ್ತುತ್ತದೆ. ಅಲ್ಲಿ ಮೂಡುವ ಮೂರ್ತಿಗಳ ವಿಷಯದಲ್ಲಿ ನಮ್ಮ ವಿಶ್ವಾಸ ಬೇರೆ. ನೆರೆಯವರ ಕೈಯ ಶಿಸ್ತನ್ನು ಕಾಣದಿರಲು ಅದು ನೆಪವಾಗಬಾರದು. ಶಿಲ್ಪಿಯ ಮನೆಯ ಹುಡುಗ ಉಳಿ ಹಿಡಿದ ದಿನವೇ ಒಂದು ಪಾಠ ಕಲಿಯುತ್ತಾನೆ: ಒಂದು ಪೆಟ್ಟು ಹೆಚ್ಚಾದರೆ ಕಲ್ಲು ಸಿಡಿಯುತ್ತದೆ, ಸಿಡಿದ ಚೂರು ಮರಳಿ ಅಂಟುವುದಿಲ್ಲ. ಪರದೆಯ ಆಟದಲ್ಲಿ ಸೋತವನಿಗೆ ‘ಮತ್ತೊಮ್ಮೆ’ ಎಂಬ ಗುಂಡಿಯಿದೆ. ಅದನ್ನೊತ್ತಲು ಬೆವರಬೇಕಿಲ್ಲ, ಎದುರಾಳಿಯ ಮುಖ ನೋಡಬೇಕಿಲ್ಲ, ‘ನೀನು ಚೆನ್ನಾಗಿ ಆಡಿದೆ’ ಎಂದು ಕೈಕುಲುಕಬೇಕಿಲ್ಲ. ಮೇಜಿನ ಆಟದಲ್ಲಿ ದೇಹವೇ ಸಾಕೆನ್ನುತ್ತದೆ. ಪರದೆಯ ಆಟದಲ್ಲಿ ಸಾಕೆನ್ನುವವರು ಯಾರು? ಇಶಾ ಕಳೆದು, ಊಟ ಕಳೆದು, ಫಜ್ರ್‌ಗೆ ಏಳಲಾರದ ಹುಡುಗರನ್ನು ಬೆಳಗಿನ ತರಗತಿಯಲ್ಲಿ ತೂಕಡಿಸುವಾಗ ಕಾಣುವವರು ನಾವು, ಶಿಕ್ಷಕರು.

ವಿಶ್ವ ಆರೋಗ್ಯ ಸಂಸ್ಥೆಯು ಗೇಮಿಂಗ್ ವ್ಯಸನವನ್ನು ರೋಗಗಳ ಪಟ್ಟಿಗೆ ಸೇರಿಸಿದ್ದು, 2022ರ ಜನವರಿಯಿಂದ ಆ ಪಟ್ಟಿ ಜಾರಿಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್ ಅದಕ್ಕೂ ಮೊದಲೇ, 2014ರಲ್ಲಿ, ತಂತ್ರಜ್ಞಾನದ ಅತಿಬಳಕೆಗೆ ಸಿಲುಕಿದವರಿಗಾಗಿ ಷಟ್ ಕ್ಲಿನಿಕ್ ತೆರೆಯಿತು. ಆಡುವ ಪ್ರತಿಯೊಬ್ಬ ಮಗುವೂ ರೋಗಿಯೆಂದು ಇದರ ಅರ್ಥವಲ್ಲ. ಹತೋಟಿ ತಪ್ಪಿ, ಉಳಿದೆಲ್ಲವೂ ಹಿಂದೆ ಸರಿದು, ಹಾನಿಯೆಂದು ತಿಳಿದೂ ಬಿಡಲಾರದ ಸ್ಥಿತಿ ದೀರ್ಘಕಾಲ ಮುಂದುವರಿದಾಗ ಮಾತ್ರ ವೈದ್ಯರು ಹಾಗೆನ್ನುತ್ತಾರೆ. ಅದೇ ಸಂಸ್ಥೆ 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವ ಚಟುವಟಿಕೆ ಬೇಕೆಂದೂ ಹೇಳಿದೆ. ಈ 60 ನಿಮಿಷ ನಮ್ಮ ಮಕ್ಕಳಿಗೆ ಎಲ್ಲಿ ಸಿಗುತ್ತಿದೆ?

‘ಹೆಣ್ಣುಮಕ್ಕಳಿಗಾದರೂ ಇದೇ ಸರಿಯಲ್ಲವೇ? ಮನೆಯೊಳಗೇ ಆಡಬಹುದು’ ಎಂಬ ವಾದವನ್ನೂ ಕೇಳಿದ್ದೇನೆ. ಕೇಳಲು ಚಂದದ ವಾದ. ಕನ್ಸೋಲ್ ಇರುವ ಮನೆಗಳಲ್ಲಿ ಕಂಟ್ರೋಲರ್ ಯಾರ ಕೈಯಲ್ಲಿರುತ್ತದೆಂದು ಒಮ್ಮೆ ನೋಡಿರಿ. ಅಣ್ಣ ಆಡುತ್ತಾನೆ, ತಂಗಿ ಚಹಾ ತಂದಿಡುತ್ತಾಳೆ. ನಾಲ್ಕು ಗೋಡೆಗಳ ನಡುವೆ, ಮೈತುಂಬ ಬಟ್ಟೆ ತೊಟ್ಟು, ಯಾರ ಮೈಯನ್ನೂ ಮುಟ್ಟದೆ, ಮೇಜಿನ ಆಚೆಗೊಬ್ಬಳು ಈಚೆಗೊಬ್ಬಳು ನಿಂತು ಆಡಬಹುದಾದ ಆಟ ಟೇಬಲ್ ಟೆನಿಸ್. ನಮ್ಮ ಹೆಣ್ಣುಮಕ್ಕಳಿಗೆ ಇದಕ್ಕಿಂತ ಹೊಂದುವ ಕ್ರೀಡೆ ಯಾವುದಿದೆಯೋ ನನಗೆ ತೋಚುವುದಿಲ್ಲ. ಉಷಾ ಸುಂದರ್‌ರಾಜ್ ಈ ಆಟಕ್ಕಾಗಿ 1966ರಲ್ಲೇ ಅರ್ಜುನ ಪ್ರಶಸ್ತಿ ಪಡೆದರು. ಬೆಂಗಳೂರಿನ ಅರ್ಚನಾ ಕಾಮತ್ 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕ್ವಾರ್ಟರ್ ಫೈನಲ್ ತಲುಪಿದ ಭಾರತದ ಮಹಿಳಾ ತಂಡದಲ್ಲಿದ್ದರು. ಜರ್ಮನಿಯ ವಿರುದ್ಧದ ಆ ಪಂದ್ಯದಲ್ಲಿ ಭಾರತ ಗೆದ್ದ ಒಂದೇ ಒಂದು ಆಟ ಅವರದು. ನಮ್ಮವರಿಗೆ ಇದು ಪರಕೀಯ ಕ್ರೀಡೆ ಎನ್ನುವವರಿಗೆ 1969ರ ಅರ್ಜುನ ಪ್ರಶಸ್ತಿ ವಿಜೇತ, ಹೈದರಾಬಾದಿನ ಮೀರ್ ಕಾಸಿಮ್ ಅಲಿಯವರ ಹೆಸರನ್ನು ನೆನಪಿಸುತ್ತೇನೆ. ವಿಶ್ವ ಚಾಂಪಿಯನ್‌ಷಿಪ್ 1939ರಲ್ಲೇ ಕೈರೋ ನಗರದಲ್ಲಿ ನಡೆದಿತ್ತು.

ಇನ್ನು ಬೀದಿಯ ಮಾತು. ಬೀದಿ ಕೆಟ್ಟಿದೆ, ಆದುದರಿಂದ ಹುಡುಗ ಮನೆಯಲ್ಲಿರಲಿ ಎನ್ನುತ್ತೀರಿ. ಬೀದಿಗೂ ಮನೆಗೂ ನಡುವೆ ಮೂರನೆಯ ಸ್ಥಳವೊಂದನ್ನು ನಮ್ಮ ಜಮಾತ್‌ಗಳು ಕಟ್ಟಿದವೇ? ಹಣವಿರಲಿಲ್ಲ ಎನ್ನುವಂತಿಲ್ಲ. ಪ್ಲೇಸ್ಟೇಷನ್ 5 ನಮ್ಮ ದೇಶಕ್ಕೆ 2021ರ ಫೆಬ್ರವರಿಯಲ್ಲಿ ಬಂದಾಗ ಅದರ ಬೆಲೆ 49,990 ರೂಪಾಯಿ. ಒಂದು ಮನೆಯ ಒಬ್ಬ ಮಗನಿಗೆಂದು ತೆತ್ತ ಆ ಹಣದಲ್ಲಿ ಒಂದು ಸಾಧಾರಣ ಮೇಜು, ಬಲೆ, ಬ್ಯಾಟುಗಳು, ಚೆಂಡುಗಳು ಎಲ್ಲವೂ ಬಂದು ಇಡೀ ಮೊಹಲ್ಲಾದ ಮಕ್ಕಳು ಸರದಿಯಲ್ಲಿ ಆಡಬಹುದು. ಸರದಿ ಕಾಯುವುದೂ ಒಂದು ತರಬೇತಿಯೇ.

ಸ್ಥಳವಿಲ್ಲ ಎಂಬುದು ಮುಂದಿನ ನೆಪ. ಮೇಜಿನ ಉದ್ದ 2.74 ಮೀಟರ್, ಅಗಲ ಸುಮಾರು ಒಂದೂವರೆ ಮೀಟರ್. ಹಳೆಯ ಲೆಕ್ಕದಲ್ಲಿ ಒಂಬತ್ತು ಅಡಿಗೆ ಐದಡಿ. ಎರಡು ಕಡೆ ನಾಲ್ಕಾರು ಹೆಜ್ಜೆ ಹಿಂದೆ ಸರಿಯಲು ಜಾಗವಿದ್ದರೆ ಮಕ್ಕಳಿಗೆ ಸಾಕು. ಮಡಚಿ ಗೋಡೆಗೆ ಒರಗಿಸಿಡುವ ಮೇಜುಗಳೂ ಸಿಗುತ್ತವೆ. ಸರಕಾರದ ನೆರವಿನಿಂದಲೂ ಚಂದಾ ಹಣದಿಂದಲೂ ಊರೂರಿನಲ್ಲಿ ಕಟ್ಟಿದ ಶಾದಿ ಮಹಲ್‌ಗಳಿವೆಯಲ್ಲ, ಅವು ವರ್ಷದಲ್ಲಿ ಎಷ್ಟು ದಿನ ತೆರೆದಿರುತ್ತವೆ? ನಿಕಾಹ್ ಇದ್ದ ದಿನ ದೀಪ, ಬಿರಿಯಾನಿ, ಗದ್ದಲ. ಮಿಕ್ಕ ದಿನಗಳಲ್ಲಿ ಬಾಗಿಲಿಗೆ ಬೀಗ, ಒಳಗೆ ಪೇರಿಸಿಟ್ಟ ಕುರ್ಚಿಗಳು.

ಅಸರ್‌ನಿಂದ ಮಗ್ರಿಬ್‌ವರೆಗಿನ ಹೊತ್ತು ಮಕ್ಕಳದಾಗಲಿ. ಮೂರು ದಿನ ಹುಡುಗರಿಗೆ, ಮೂರು ದಿನ ಮಹಿಳಾ ಶಿಕ್ಷಕಿಯೊಬ್ಬರ ಸಮ್ಮುಖದಲ್ಲಿ ಹುಡುಗಿಯರಿಗೆ. ಹನ್ನೊಂದು ಅಂಕಕ್ಕೆ ಒಂದು ಆಟ, ಸೋತವರು ಬ್ಯಾಟನ್ನು ಮುಂದಿನವರಿಗೆ ಕೊಡಬೇಕು. ಮಗ್ರಿಬ್‌ನ ಅಝಾನ್ ಕೇಳಿದರೆ ಆಟ ನಿಲ್ಲುತ್ತದೆ. ಅದಕ್ಕಾಗಿ ಯಾವ ತಂದೆಯೂ ಗದರಬೇಕಾಗಿಲ್ಲ, ತಾಯಿ ಟಿವಿಯ ಪ್ಲಗ್ ಕೀಳಬೇಕಾಗಿಲ್ಲ. ಮನೆಯಲ್ಲಿ ಕನ್ಸೋಲ್ ಇರುವವರು ಅದನ್ನು ಮಾರಿಬಿಡಬೇಕೆಂದೂ ನಾನು ಹೇಳುತ್ತಿಲ್ಲ. ಸಂಜೆ ಕೈ ದಣಿದು ಬಂದ ಹುಡುಗ ರಾತ್ರಿ ಎಷ್ಟು ಹೊತ್ತು ಅದರ ಮುಂದೆ ಕೂರುತ್ತಾನೆಂದು ನೋಡೋಣ.

ಈ ಶುಕ್ರವಾರ ಜುಮಾ ಮುಗಿದ ಮೇಲೆ ನಿಮ್ಮ ಮುತವಲ್ಲಿ ಸಾಹೇಬರ ಬಳಿ ಹೋಗಿ ಶಾದಿ ಮಹಲ್‌ನ ಬೀಗದ ಕೈ ಯಾರಲ್ಲಿದೆಯೆಂದು ಕೇಳಿರಿ. ಕುರ್ಚಿಗಳನ್ನು ಒಂದು ಪಕ್ಕಕ್ಕೆ ಸರಿಸಲು ನಾಲ್ಕು ಜನ ಸಾಕು.