ತಟ್ಟಿ ನೋಡಲಾಗದ ಸರಕು

ಮಾಲೂರು ತಾಲ್ಲೂಕಿನ ಟೇಕಲ್ ಕಲ್ಲಿನ ಊರು. ಬೆಂಗಳೂರಿನಿಂದ ಜೋಲಾರಪೇಟೆಯ ಕಡೆಗೆ ರೈಲುಗಾಡಿಯಲ್ಲಿ ಹೊರಟವರಿಗೆ, ಯಾರೋ ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ಕಾಣುವ ಅಲ್ಲಿಯ ಗುಡ್ಡಗಳು ಪರಿಚಿತವೇ. ಕಲ್ಲು ಕೊಳ್ಳುವ ಅನುಭವಸ್ಥನು ಬೆಲೆ ಕೇಳುವ ಮುನ್ನ ಸುತ್ತಿಗೆಯಿಂದ ಒಮ್ಮೆ ತಟ್ಟಿ ನೋಡುತ್ತಾನೆ. ಗಟ್ಟಿ ಕಲ್ಲಾದರೆ ಗಂಟೆಯಂತೆ ದನಿಗೊಡುತ್ತದೆ. ಒಳಗೆ ಬಿರುಕಿದ್ದರೆ ದನಿಯೂ ಒಡೆದಿರುತ್ತದೆ. ಸರಕಿನ ಗುಣ ಅಲ್ಲಿಯೇ, ಆ ಕ್ಷಣದಲ್ಲಿಯೇ ತಿಳಿಯುತ್ತದೆ.

ಸರಕಾರವು ಇಂದು ಕೊಳ್ಳುವ ಇನ್ನೊಂದು ಸರಕಿದೆ. ಅದನ್ನು ತಟ್ಟಿ ನೋಡುವಂತಿಲ್ಲ. ಹೋಬಳಿಯ ನಾಡಕಚೇರಿಯ ಕಿಟಕಿಯ ಮುಂದೆ ಆದಾಯ ಪತ್ರಕ್ಕೋ ಪಹಣಿಗೋ ನಿಂತವನಿಗೆ ಕಾಣುವುದು ಒಂದು ಗಣಕಯಂತ್ರ ಮಾತ್ರ. ಅದರ ಹಿಂದೆ ದೂರದ ಊರಿನ ಯಂತ್ರಾಗಾರ, ನಡುವಿನ ತಂತಿ, ಯಾರೋ ಬರೆದ ತಂತ್ರಾಂಶ, ಅದನ್ನು ನೋಡಿಕೊಳ್ಳುವ ಕಂಪೆನಿ ಇವೆ. ಇವೆಲ್ಲ ಕೂಡಿ ನಡೆದರೆ ಕಾಲುಗಂಟೆಯ ಕೆಲಸ. ಒಂದು ನಿಂತರೂ ‘ಸರ್ವರ್ ಇಲ್ಲ, ನಾಳೆ ಬನ್ನಿ’ ಎಂಬ ಉತ್ತರ. ಆ ನಾಳೆಗೆ ಕೂಲಿಯವನು ಒಂದು ದಿನದ ಸಂಬಳವನ್ನು ತೆರುತ್ತಾನೆ. ವಿದ್ಯಾರ್ಥಿಯು ಅರ್ಜಿಯ ಕಡೆಯ ದಿನವನ್ನೇ ಕಳೆದುಕೊಳ್ಳಬಹುದು.

ಈ ಸರಕನ್ನು ಕೊಳ್ಳುವ ಬಗೆಗೂ ಕಾಯಿದೆಯಿದೆ. ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆಗಾಗಿ ಕರ್ನಾಟಕವು 1999ರಲ್ಲಿ ಮಾಡಿದ ಅಧಿನಿಯಮವು 2000ದ ಅಕ್ಟೋಬರಿನಲ್ಲಿ ಜಾರಿಗೆ ಬಂದಿತು. ಟೆಂಡರಿನಲ್ಲಿ ಮೊದಲೇ ಸಾರಿದ ಮಾನದಂಡದಿಂದಲೇ ಅಳೆಯಬೇಕು, ಅನ್ಯಾಯವೆನಿಸಿದವರಿಗೆ ಮೇಲ್ಮನವಿಯ ಹಕ್ಕಿರಬೇಕು ಎಂಬುದು ಅದರ ಸಾರ. ಅರಗಿನ ಮುದ್ರೆಯ ಲಕೋಟೆಗಳ ಕಾಲವೂ ಕಳೆಯಿತು. 2007ರಿಂದೀಚೆಗೆ ಟೆಂಡರುಗಳು ಅಂತರ್ಜಾಲಕ್ಕೆ ಬಂದುವು. ಆದರೆ ಲಕೋಟೆ ಹೋದರೂ ಲಕೋಟೆಯ ಪದ್ಧತಿ ಉಳಿದಿದೆ. ಮೊದಲನೆಯದರಲ್ಲಿ ಯೋಗ್ಯತೆ, ಎರಡನೆಯದರಲ್ಲಿ ಬೆಲೆ. ಮೊದಲನೆಯದರಲ್ಲಿ ತೇರ್ಗಡೆಯಾದವರ ಎರಡನೆಯದನ್ನು ಮಾತ್ರ ತೆರೆಯಲಾಗುತ್ತದೆ.

ತೆರೆದ ಮೇಲೆ ಯಾರು ಗೆಲ್ಲಬೇಕು? ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಮೊದಲ ಕಂಪೆನಿಗೆ ಗುಣದಲ್ಲಿ 90 ಅಂಕ, ಅದು ಕೇಳುವ ಬೆಲೆ 120 ಲಕ್ಷ. ಎರಡನೆಯದಕ್ಕೆ 72 ಅಂಕ, ಬೆಲೆ 90 ಲಕ್ಷ. ಇಬ್ಬರೂ ತೇರ್ಗಡೆಯಾದವರೆಂದು ಬೆಲೆಯನ್ನಷ್ಟೇ ನೋಡಿದರೆ ಎರಡನೆಯವನದೇ ಗೆಲುವು. ಗುಣಕ್ಕೆ ಶೇಕಡ 70, ಬೆಲೆಗೆ 30ರ ತೂಕವಿಟ್ಟರೆ ಮೊದಲನೆಯವನಿಗೆ 85.5, ಎರಡನೆಯವನಿಗೆ 80.4, ಗೆಲುವು ಮೊದಲನೆಯವನದು. ತೂಕವನ್ನು ತಿರುಗಿಸಿ ಗುಣಕ್ಕೆ 30 ಮಾಡಿದರೆ 79.5ಕ್ಕೆ ಎದುರಾಗಿ 91.6, ಗೆಲುವು ಮತ್ತೆ ಎರಡನೆಯವನದು. ಕೇಂದ್ರ ಸರಕಾರವು 2021ರ ಅಕ್ಟೋಬರಿನಲ್ಲಿ, ಸಲಹಾ ಸೇವೆಗಳಲ್ಲದ ಕೆಲವು ಕೆಲಸಗಳಲ್ಲಿಯೂ ಗುಣಕ್ಕೆ ಅಂಕವಿಡಲು ಒಪ್ಪಿತು. ಆದರೆ ಅದು ಶೇಕಡ 30ನ್ನು ಮೀರಬಾರದೆಂದು ಗೆರೆಯೆಳೆಯಿತು. ಗುಣದ ಹೆಸರಿನಲ್ಲಿ ಪಕ್ಷಪಾತ ನುಸುಳೀತೆಂಬ ಭಯ ಹುರುಳಿಲ್ಲದ್ದಲ್ಲ. ಬೆಲೆ ಎಲ್ಲರಿಗೂ ಕಾಣುವ ಅಂಕಿ. ಗುಣದ ಅಂಕವೋ ಕೆಲವರು ಕುಳಿತು ಕೊಡುವಂಥದು.

ಆ ಅಂಕವನ್ನಾದರೂ ಯಾವುದಕ್ಕೆ ಕೊಡುತ್ತಾರೆ? ಸಾಮಾನ್ಯವಾಗಿ ವಾರ್ಷಿಕ ವಹಿವಾಟು, ಹಿಂದೆ ಮಾಡಿದ ಕೆಲಸಗಳ ಪಟ್ಟಿ, ನೌಕರರ ಸಂಖ್ಯೆ, ಪ್ರಮಾಣಪತ್ರಗಳು. ಇವು ಕಂಪೆನಿಯ ಗಾತ್ರವನ್ನು ಹೇಳುತ್ತವೆ. ಕಿಟಕಿಯ ಮುಂದೆ ನಿಂತವನ ಸುದ್ದಿಯನ್ನು ಹೇಳುವುದಿಲ್ಲ. ಕರಾರಿನಲ್ಲಿ ‘ಸೇವೆಯು ಶೇಕಡ 99ರಷ್ಟು ಕಾಲ ನಡೆಯತಕ್ಕದ್ದು’ ಎಂದಿರಬಹುದು. ಉಳಿದ ಒಂದಂಶವೆಂದರೆ ವರ್ಷಕ್ಕೆ ಮೂರೂವರೆ ದಿನಕ್ಕಿಂತ ಸ್ವಲ್ಪ ಹೆಚ್ಚು, ದೊಡ್ಡ ಮಾತಲ್ಲ. ಆದರೆ ಅಳೆಯುವುದು ಎಲ್ಲಿ? ರಾಜಧಾನಿಯ ಯಂತ್ರಾಗಾರದಲ್ಲಿ ಅಳೆದರೆ ಯಂತ್ರವು ವರ್ಷವಿಡೀ ಉರಿಯುತ್ತಿದ್ದೀತು, ಹೋಬಳಿಯ ತಂತಿ ಮಾತ್ರ ವಾರಗಟ್ಟಲೆ ಸತ್ತಿದ್ದೀತು. ಕರಾರಿನ ಲೆಕ್ಕದಲ್ಲಿ ಆಗ ತಪ್ಪು ಯಾರದೂ ಅಲ್ಲ.

ಕರ್ನಾಟಕಕ್ಕೆ ಈ ಪಾಠ ಹೊಸದಲ್ಲ. ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ ಎರಡು ಕೋಟಿ ದಾಖಲೆಗಳು ಗಣಕಯಂತ್ರಕ್ಕೆ ಏರಿದುವು. ಅಕ್ಷರ ತುಂಬುವ ಕೆಲಸ ಖಾಸಗಿಯವರದಾಗಿತ್ತು. ಆದರೆ ತುಂಬಿದ್ದನ್ನು ಹಳೆಯ ಕೈಬರಹದ ಪುಸ್ತಕದೊಡನೆ ತಾಳೆ ನೋಡುವ ಹೊಣೆ ಊರಿನ ಹೊಲಗದ್ದೆಗಳನ್ನು ಬಲ್ಲ ಗ್ರಾಮಲೆಕ್ಕಿಗರ ಮೇಲೆ ಬಿತ್ತು. ತಪ್ಪುಗಳು ಉಳಿಯದೆ ಇರಲಿಲ್ಲ. ಆದರೂ ಕಲ್ಲನ್ನು ತಟ್ಟಿ ನೋಡಬಲ್ಲ ಒಬ್ಬನು ಅಲ್ಲಿದ್ದನು.

2006ರ ಸುಮಾರಿಗೆ ‘ನೆಮ್ಮದಿ’ ಬಂದಿತು. ಖಾಸಗಿ ಸಹಭಾಗಿತ್ವದಲ್ಲಿ ಹೋಬಳಿ ಮಟ್ಟದಲ್ಲಿ ಸುಮಾರು 800 ಕೇಂದ್ರಗಳು ಎದ್ದುವು. ಗುತ್ತಿಗೆಯ ಕಾಲ ಮುಗಿದ ಮೇಲೆ, 2012ರ ಡಿಸೆಂಬರಿನಲ್ಲಿ ಸರಕಾರವು ನಾಡಕಚೇರಿಗಳಲ್ಲಿ ತಾನೇ ಅಟಲ್‌ಜೀ ಜನಸ್ನೇಹಿ ಕೇಂದ್ರಗಳನ್ನು ತೆರೆಯಿತು. ಇಂಥ ಗುತ್ತಿಗೆ ಮುಗಿದ ಮರುದಿನ ಯಂತ್ರ ಯಾರದು, ತಂತ್ರಾಂಶ ಯಾರದು, ಬೀಗದ ಕೈ ಯಾರಲ್ಲಿ? ಈ ಪ್ರಶ್ನೆಗಳನ್ನು ಮೊದಲ ದಿನದ ಟೆಂಡರಿನಲ್ಲಿಯೇ ಕೇಳಬೇಕು; ಕಡೆಯ ದಿನ ಕೇಳಿದರೆ ಉತ್ತರಕ್ಕೆ ಬೆಲೆ ಹೆಚ್ಚು.

ಅಗ್ಗದ ಟೆಂಡರನ್ನು ಒಪ್ಪಿದ ಅಧಿಕಾರಿಯನ್ನು ಯಾರೂ ಪ್ರಶ್ನಿಸುವುದಿಲ್ಲ. ದುಬಾರಿಯದನ್ನು ಒಪ್ಪಿದವನನ್ನು ಲೆಕ್ಕಪರಿಶೋಧಕರು ಪ್ರಶ್ನಿಸದೆ ಬಿಡುವುದಿಲ್ಲ. ಅದು ನ್ಯಾಯವೇ, ಖರ್ಚಾಗುವುದು ಜನರ ಹಣ. ಆದರೆ ಬರಿಗೈಯಲ್ಲಿ ಹಿಂದಿರುಗಿದವನ ಕೂಲಿಯೂ ಜನರ ಹಣವೇ. ಅದು ಯಾವ ಲಕೋಟೆಯಲ್ಲಿಯೂ ಇಲ್ಲ. ಸೇವೆಯ ಗಂಟೆಗಳನ್ನು ಕಿಟಕಿಯಲ್ಲಿಯೇ ಎಣಿಸತಕ್ಕದ್ದು, ಬಂದವರಲ್ಲಿ ಎಷ್ಟು ಮಂದಿ ಅದೇ ದಿನ ಪತ್ರ ಪಡೆದು ಹೋದರೆಂಬುದರ ಮೇಲೆ ಹಣ ಸಲ್ಲತಕ್ಕದ್ದು ಎಂದು ಟೆಂಡರಿನಲ್ಲಿ ಎರಡು ಸಾಲು ಸೇರಿದರೆ ಕಂಪೆನಿಗಳೂ ಬೆಲೆಯನ್ನು ಅದಕ್ಕೆ ತಕ್ಕಂತೆ ಹೇಳುತ್ತವೆ. ಟೇಕಲ್ಲಿನ ಕಲ್ಲಿನ ಪರೀಕ್ಷೆ ಕಲ್ಲಿನ ಬಳಿಯಲ್ಲಿಯೇ ಆಗುತ್ತದೆ. ಸೇವೆಯ ಪರೀಕ್ಷೆಯೂ ಅದು ಸಲ್ಲುವ ಕಿಟಕಿಯ ಬಳಿಯಲ್ಲಿಯೇ ಆಗಬೇಕು.