ಹಿರಿಯ ಓಟಗಾರರು ಬಿಟ್ಟುಹೋದ ಪಾಠ

ನಮ್ಮ ಊರುಗಳಲ್ಲಿ ಈಚೆಗೆ ಓಟದ ಬಳಗಗಳು ಹುಟ್ಟಿಕೊಳ್ಳುತ್ತಿವೆ. ಬೆಳಗಿನ ಜಾವ ಶಾಲೆಯ ಬಯಲಿನಲ್ಲಿಯೋ ಕೆರೆಯ ದಂಡೆಯ ಮೇಲೆಯೋ ಹತ್ತಾರು ಜನ ಕೂಡಿ ಓಡುವುದನ್ನು ಕಂಡಾಗ ಸಂತೋಷವಾಗುತ್ತದೆ. ಆದರೆ ಮೊದಲ ತಿಂಗಳಿನ ಉತ್ಸಾಹ ಮೂರನೆಯ ತಿಂಗಳಿಗೆ ಉಳಿಯುವುದು ಅಪರೂಪ. ಹಿಂದೆ ಗೆದ್ದವರನ್ನು ಕರೆಸಿ ಶಾಲು ಹೊದಿಸುತ್ತೇವೆ. 1920ರ ಆಂಟ್‌ವರ್ಪ್ ಒಲಿಂಪಿಕ್ಸಿನ ಮ್ಯಾರಥಾನ್ ಓಟದಲ್ಲಿ 19ನೆಯವರಾಗಿ ಗುರಿ ಮುಟ್ಟಿದ ಬೆಳಗಾವಿಯ ಪಿ.ಡಿ. ಚೌಗುಲೆಯವರಂಥವರ ಹೆಸರು ಹೇಳಿ ಹೆಮ್ಮೆಪಡುತ್ತೇವೆ. ಬಳಿಕ ‘ಅವರು ಹುಟ್ಟಾ ಓಟಗಾರರು, ನಮ್ಮಿಂದ ಅದು ಆಗುವ ಮಾತೇ?’ ಎಂದು ಮನೆಗೆ ಮರಳಿ ಕುಳಿತುಬಿಡುತ್ತೇವೆ. ಹೀಗೆ ಗೌರವವೇ ಸೋಮಾರಿತನಕ್ಕೆ ನೆಪವಾಗುವುದು ತರವಲ್ಲ. ಗೆದ್ದವರಿಂದ ಪಡೆಯಬೇಕಾದದ್ದು ಅವರ ದಿನಚರಿ ಎಂಬುದು ನಮ್ಮ ಅಭಿಪ್ರಾಯ.

ಈ ಮಾತಿಗೆ ಅಮೆರಿಕದ ಬಾಸ್ಟನ್ ನಗರದಲ್ಲಿ ಒಳ್ಳೆಯ ನಿದರ್ಶನಗಳು ದೊರೆಯುತ್ತವೆ. ಅಲ್ಲಿನ ಸ್ಥಳೀಯ ಕ್ರೀಡಾಸಂಘವಾದ ಬಾಸ್ಟನ್ ಅಥ್ಲೆಟಿಕ್ ಅಸೋಸಿಯೇಷನ್ 1897ರಲ್ಲಿ ಆರಂಭಿಸಿದ ಮ್ಯಾರಥಾನ್, ವರ್ಷವರ್ಷವೂ ನಡೆಯುವ ಮ್ಯಾರಥಾನ್‌ಗಳಲ್ಲೆಲ್ಲ ಅತ್ಯಂತ ಹಳೆಯದು. ಅದರಲ್ಲಿ ಗೆದ್ದವರ ಪೈಕಿ ಇಬ್ಬರ ಬದುಕು ಆರೋಗ್ಯಾಕಾಂಕ್ಷಿಗಳಾದ ನಮಗೆ ಮನನಯೋಗ್ಯವಾಗಿದೆ.

ಮೊದಲನೆಯವರು ಕ್ಲಾರೆನ್ಸ್ ಡಿಮಾರ್. ಮುದ್ರಣಾಲಯದಲ್ಲಿ ದುಡಿದು ಬದುಕುತ್ತಿದ್ದ ಅವರು ಕೆಲಸಕ್ಕೆ ಓಡುತ್ತಲೇ ಹೋಗಿ ಓಡುತ್ತಲೇ ಬರುವುದನ್ನು ರೂಢಿಸಿಕೊಂಡಿದ್ದರು. 1911ರ ಸ್ಪರ್ಧೆಗೆ ಮುನ್ನ ಪರೀಕ್ಷಿಸಿದ ವೈದ್ಯರಿಗೆ ಅವರ ಹೃದಯದ ಬಡಿತದಲ್ಲಿ ಮರ್ಮರ ಶಬ್ದವೊಂದು ಕೇಳಿಸಿತು. ಓಟವನ್ನು ಬಿಡುವುದು ಲೇಸೆಂದು ಅವರು ಎಚ್ಚರಿಸಿದರು. ಡಿಮಾರ್ ಆ ವರ್ಷ ಗೆದ್ದರು. ಮುಂದಿನ ಗೆಲುವಿಗೆ 11 ವರ್ಷ ಕಾಯಬೇಕಾಯಿತು. 1922ರಿಂದ ಸತತ ಮೂರು ವರ್ಷ, ಬಳಿಕ 1927, 1928 ಮತ್ತು 1930ರಲ್ಲಿ ಗೆದ್ದು ಒಟ್ಟು ಏಳು ಬಾರಿ ವಿಜಯಿಯಾದರು. ಕೊನೆಯ ಗೆಲುವಿನ ವೇಳೆಗೆ ಅವರಿಗೆ 41 ವರ್ಷ. 1958ರಲ್ಲಿ ಅವರು ತೀರಿಕೊಂಡದ್ದು ಹೃದ್ರೋಗದಿಂದಲ್ಲ, ಕ್ಯಾನ್ಸರಿನಿಂದ. ಖ್ಯಾತ ಹೃದ್ರೋಗತಜ್ಞ ಪಾಲ್ ಡಡ್ಲಿ ವೈಟ್ ಮತ್ತು ಅವರ ಸಹೋದ್ಯೋಗಿ 1961ರಲ್ಲಿ ಪ್ರಕಟಿಸಿದ ಮರಣೋತ್ತರ ಪರೀಕ್ಷೆಯ ವರದಿಯ ಪ್ರಕಾರ, ಡಿಮಾರ್ ಹೃದಯಕ್ಕೆ ರಕ್ತ ಉಣಿಸುತ್ತಿದ್ದ ನಾಳಗಳು ಸಾಮಾನ್ಯರ ನಾಳಗಳಿಗಿಂತ ಎರಡು ಮೂರು ಪಟ್ಟು ಅಗಲವಾಗಿದ್ದವು.

ಈ ಕಥೆಯನ್ನು ತಪ್ಪಾಗಿ ಗ್ರಹಿಸಬಾರದು. ಒಬ್ಬರ ಹೃದಯವು ಎಲ್ಲರಿಗೂ ನಿಯಮವಾಗಲಾರದು. ಆ ಅಗಲವಾದ ನಾಳಗಳಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ಓಟದಿಂದ ಬಂದದ್ದೆಷ್ಟು ಎಂದು ಬೇರ್ಪಡಿಸಿ ಹೇಳಲೂ ಬಾರದು. ವೈದ್ಯರ ಮಾತನ್ನು ಮೀರಿ ಓಡಿರೆಂಬುದು ಇದರ ಸಾರವಲ್ಲ. ಅಂದು ಕಿವಿಗೆ ಕೇಳಿದ್ದನ್ನಷ್ಟೇ ನಂಬಬೇಕಿತ್ತು. ಇಂದು ಹೃದಯದ ಸ್ಕ್ಯಾನಿಂಗ್ ಮಾಡಿ ಆ ಶಬ್ದ ಅಪಾಯದ್ದೋ ನಿರಪಾಯದ್ದೋ ಎಂದು ತಿಳಿಯಬಹುದು. ಆದ್ದರಿಂದ ಸಂದೇಹವಿದ್ದಲ್ಲಿ ಪರೀಕ್ಷಿಸಿಕೊಳ್ಳಬೇಕು. ಪರೀಕ್ಷಿಸಿಕೊಳ್ಳದೆ ‘ನನಗೆ ಆಗದು’ ಎಂದು ಕೂರಬಾರದು. ಇದೇ ಡಿಮಾರ್ ಕಲಿಸುವ ಪಾಠ.

ಎರಡನೆಯವರು ಜಾನ್ ಕೆಲ್ಲಿ. 1935 ಮತ್ತು 1945ರಲ್ಲಿ ಗೆದ್ದ ಅವರು ಎರಡನೆಯ ಸ್ಥಾನಕ್ಕೆ ನಿಂತದ್ದು ಏಳು ಬಾರಿ. ಎರಡು ಗೆಲುವು, ಏಳು ‘ಸೋಲು’! ಆದರೂ ಅವರು ಬಿಡಲಿಲ್ಲ. ಬಾಸ್ಟನ್ ಓಟದ ಆರಂಭದ ಗೆರೆಯಲ್ಲಿ ಅವರು 61 ಬಾರಿ ನಿಂತರು, 58 ಬಾರಿ ಕೊನೆಮುಟ್ಟಿದರು. ಕೊನೆಯ ಸಲ ಪೂರ್ತಿ ಓಡಿದ್ದು 1992ರಲ್ಲಿ, 84ರ ವಯಸ್ಸಿನಲ್ಲಿ. ಆ ದಾರಿಯ ಬದಿಯಲ್ಲಿ ಇಂದು ಅವರದೊಂದು ಪ್ರತಿಮೆಯಿದೆ: ಗೆದ್ದ ತರುಣ ಕೆಲ್ಲಿ ಮತ್ತು ಮುಪ್ಪಿನ ಕೆಲ್ಲಿ ಕೈಕೈ ಹಿಡಿದು ಓಡುತ್ತಿರುವ ಪ್ರತಿಮೆ. ಗೆಲುವು ಎರಡು ದಿನಗಳ ಮಾತು, ಅಭ್ಯಾಸ ಒಂದು ಆಯುಷ್ಯದ ಸಂಗಾತಿ ಎಂಬುದನ್ನು ಆ ಶಿಲ್ಪವು ಮಾತಿಲ್ಲದೆ ಹೇಳುತ್ತದೆ.

ಇದು ನಮಗೇಕೆ ಮುಖ್ಯ? ಸಕ್ಕರೆ ಕಾಯಿಲೆ, ರಕ್ತದೊತ್ತಡಗಳು ಈಗ ಮುದುಕರ ರೋಗಗಳಾಗಿ ಉಳಿದಿಲ್ಲ. ನಡುವಯಸ್ಸಿನ ಮನೆಯೊಡೆಯನನ್ನು, ಮನೆಯೊಡತಿಯನ್ನು ಹಿಡಿಯುತ್ತಿವೆ. ದುಡಿಯುವ ಒಬ್ಬರು ಹಾಸಿಗೆ ಹಿಡಿದರೆ ಇಡೀ ಕುಟುಂಬವೇ ಕುಸಿಯುತ್ತದೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಬಿರುಸಿನ ನಡಿಗೆಯಂಥ ಶ್ರಮ ಮಾಡಬೇಕು, ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಆಡಿ ಓಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ಗಂಟೆ. ಇದಕ್ಕೆ ಒಲಿಂಪಿಕ್ ಕಾಲುಗಳು ಬೇಕಿಲ್ಲ.

ಹೊಸಬರು ನಡಿಗೆಯಿಂದಲೇ ತೊಡಗಲಿ. ಕೆಲವು ವಾರಗಳ ಬಳಿಕ ನಡುನಡುವೆ ಒಂದೊಂದು ನಿಮಿಷ ನಿಧಾನವಾಗಿ ಓಡಲಿ. ಪಕ್ಕದವರೊಡನೆ ಮಾತನಾಡಲು ಬರುವಷ್ಟೇ ವೇಗವಿರಲಿ. ಉಸಿರು ಕಟ್ಟಿ ಮಾತು ನಿಂತರೆ ವೇಗ ಹೆಚ್ಚಾಯಿತೆಂದು ತಿಳಿಯಬೇಕು. ನಲವತ್ತು ದಾಟಿದವರು, ಸಕ್ಕರೆ ಕಾಯಿಲೆ ಅಥವಾ ರಕ್ತದೊತ್ತಡವುಳ್ಳವರು, ಮನೆತನದಲ್ಲಿ ಹೃದ್ರೋಗವಿರುವವರು ವೈದ್ಯರನ್ನು ಕಂಡೇ ಆರಂಭಿಸಲಿ. ಎದೆನೋವು, ತಲೆಸುತ್ತು ಕಾಣಿಸಿದರೆ ತಕ್ಷಣ ನಿಲ್ಲಿಸಿ ಆಸ್ಪತ್ರೆಗೆ ಹೋಗಲಿ. ಮನೆಗೆಲಸವೇ ಸಾಕೆಂದು ತಾಯಂದಿರನ್ನು ಈ ಬಳಗಗಳಿಂದ ಹೊರಗಿಡುವುದು ಸಲ್ಲದು. ಆ ಅರ್ಧ ಗಂಟೆಯನ್ನು ಅವರಿಗೆ ಬಿಡುವು ಮಾಡಿಕೊಡುವುದು ಮನೆಮಂದಿಯ ಹೊಣೆ.

ಓಟದ ಬಳಗಗಳಿಗೂ ನಮ್ಮದೊಂದು ವಿನಂತಿ. ಹಿಂದೆ ಗೆದ್ದ ಹಿರಿಯರನ್ನು ವರ್ಷಕ್ಕೊಮ್ಮೆ ವೇದಿಕೆಗೆ ಕರೆಯುವುದರ ಜೊತೆಗೆ ವಾರಕ್ಕೊಮ್ಮೆ ಬಯಲಿಗೂ ಕರೆಯಿರಿ. ಅವರು ಮಕ್ಕಳೊಡನೆ ನಾಲ್ಕು ಹೆಜ್ಜೆ ನಡೆದರೂ ಸಾಕು. ಅರವತ್ತು ದಾಟಿದ ಹಿರಿಯರೊಬ್ಬರು ಮುಂಜಾನೆ ಎದ್ದು ಬರುವುದನ್ನು ಕಣ್ಣಾರೆ ಕಂಡ ಮಗುವಿಗೆ ಬೇರೆ ಭಾಷಣ ಬೇಕಾಗುವುದಿಲ್ಲ.