ಹಬ್ಬದ ರಾತ್ರಿಗೆ ಒಂದೇ ಪಾತೇಲಿ ಸಾಕ್ರಿ

ದೀಪಾವಳಿ ಪಾಡ್ಯದ ದಿನ ನಸುಕಿನಾಗ ಒಲಿ ಹಚ್ಚಿದ್ರ ಹೋಳಗಿ ಮುಗಿಯೋದು ಮಧ್ಯಾಹ್ನಕ್ಕ. ಅಕ್ಟೋಬರ್ 23ರಿಂದ 25 ಕಿತ್ತೂರು ಉತ್ಸವ. ಹಬ್ಬ ಅದರ ಆಜೂಬಾಜೂ ಬಂದ್ರ ಬೈಲಹೊಂಗಲದ ಮನಿಗಳಾಗ ಬೀಗರೂ ತುಂಬಿರ್ತಾರ. ಎಲ್ಲಾರೂ ಉಂಡು ಅಡ್ಡಾಗ್ತಾರ. ಸಂಜೀಕ ಎದ್ದು ಕೇಳ್ತಾರ: "ರಾತ್ರಿಗೆ ಏನ್ ಮಾಡೀರಿ?"

ನನ್ನ ಮಾತು ಇಷ್ಟ: ಹಬ್ಬದ ದಿನ ಎರಡನೇ ಸಲ ದೊಡ್ಡ ಅಡಿಗಿ ಬ್ಯಾಡ.

ಬ್ಯಾಸಗ್ಯಾಗ ಒಣಗಿಸಿದ ಗೋದಿ ಶ್ಯಾವಿಗಿ ಡಬ್ಬ್ಯಾಗ ಐತಿ. ಹೂರಣದ ಬ್ಯಾಳಿ ಬಸಿದು ಮಾಡಿದ ಕಟ್ಟಿನ ಸಾರು ಹೆಂಗೂ ಉಳಿದಿರ್ತೈತಿ. ಒಂದು ಲೋಟ ಶ್ಯಾವಿಗಿ ಕೆಂಪಗ ಹುರದು ತೆಗದಿಡ್ರಿ. ಅದೇ ಪಾತೇಲ್ಯಾಗ ಉಳ್ಳಾಗಡ್ಡಿ, ಗಜ್ಜರಿ ಬಾಡಿಸ್ರಿ. ಮೂರು ಲೋಟ ಸಾರು, ಒಂದು ಲೋಟ ನೀರು ಸುರದು, ಕುದಿ ಬಂದ ಮ್ಯಾಲೆ ಶ್ಯಾವಿಗಿ ಹಾಕ್ರಿ. ಮೆತ್ತಗಾದ ಕೂಡಲೇ ಇಳಿಸ್ರಿ, ತಡಾ ಆದ್ರ ಮುದ್ದಿ ಆಗ್ತೈತಿ. ಬಾಡೂಟ ಮಾಡಿದ ದಿನ ಉಳಿದ ಮಟನ್ ರಸಾದಾಗೂ ಹಿಂಗ ಮಾಡಬಹುದು.

"ಹಬ್ಬದ ದಿನ ಇದೇನ ಊಟ?" ಅನ್ನೋರು ಇರ್ತಾರ. ನಮ್ಮ ಅವ್ವ ಪ್ರತಿ ಹಬ್ಬಕ್ಕೂ ಕಡೀಕ ಉಣ್ಣಾಕ ಕೂಡತಿದ್ಲು. ಆಗ ಹೋಳಗಿ ಉಳಿದಿದ್ರ ತುಪ್ಪ ಇರ್ತಿದ್ದಿಲ್ಲ. ಅದನ್ನ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಹೋದ ವರ್ಷ ರಾತ್ರಿ ಪಾತೇಲಿ ನಾ ಇಟ್ಟೆ. ಅವ್ವ ಮೊದಲನೇ ಪಂಕ್ತಿಗೆ ಕುಂತ್ಲು. ಉಪ್ಪು ಕಡಿಮಿ ಆಗೇತಿ ಅಂದ್ಲು, ಎರಡ ಸಲ ನೀಡಿಸ್ಕೊಂಡ್ಲು.

ಅಣ್ಣಾರ, ಅರ್ಧ ತಾಸಿನ ಕೆಲಸ. ಈ ವರ್ಷ ನೀವ ಇಡ್ರಿ.

#ಬೈಲಹೊಂಗಲ #ಕಟ್ಟಿನಸಾರು #ಶ್ಯಾವಿಗಿ